ಪ್ರಾಣದ ವೀಳ್ಯ

“ಬುದ್ಧಿ, ಕಾಡಿನಲ್ಲಿ ದಾರಿ ತಪ್ಪಿದಾಗ ನಮ್ಮನ್ನೆಲ್ಲ ಊರು ಮುಟ್ಟಿಸಿದವನು ನಾನೋ, ಗುರುಪಾದನೋ?” ಎಂದು ಚೆನ್ನವೀರ ಕೇಳಿದ.

ಮಠದವರು ಮರುದಿನ ಬೆಟ್ಟದ ಯಾತ್ರೆಗೆ ಹೊರಡುವವರಿದ್ದರು. ಕಾಲ್ನಡಿಗೆಯ ಯಾತ್ರೆ. ಒಬ್ಬ ಶಿಷ್ಯ ಮಠದ ಬೆತ್ತ ಹಿಡಿದು ಮುಂದೆ ನಡೆಯಬೇಕು, ಉಳಿದವರು ಅವನ ಹಿಂದೆ ಹೋಗಬೇಕು. ಆ ಬೆತ್ತ ಚೆನ್ನವೀರನಿಗೆ ಬೇಕಾಗಿತ್ತು. ಗುರುಪಾದನಿಗೂ ಬೇಕಾಗಿತ್ತು. ಹಿಂದಿನ ಯಾತ್ರೆಯಲ್ಲಿ ಎಲ್ಲರೂ ಕಾಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಆ ಕತೆಯನ್ನು ಇಬ್ಬರೂ ಮಠಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದರು. ಚೆನ್ನವೀರ ಹೇಳಿದಾಗ ದಾರಿ ಕಂಡುಹಿಡಿದವನು ಚೆನ್ನವೀರ, ಗುರುಪಾದ ಹೇಳಿದಾಗ ಗುರುಪಾದ. ಎರಡೂ ಕತೆ ಕೇಳಿಸಿಕೊಂಡ ಭಕ್ತರು ಯಾರಿಗೆ ಕೈಮುಗಿಯಬೇಕೆಂದು ತಿಳಿಯದೆ ಪ್ರಸಾದ ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು.

ಸ್ವಾಮಿಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮೊರವನ್ನು ಚೆನ್ನವೀರನ ಕಡೆಗೆ ಸರಿಸಿದರು.

“ಬೆತ್ತ ಬೇಕು ಅಂತ ನೇರವಾಗಿ ಕೇಳಬಾರದೇನಯ್ಯ? ಇರಲಿ, ಕೂತುಕೋ. ಕೈ ಸುಮ್ಮನಿಟ್ಟುಕೊಂಡು ಕತೆ ಕೇಳಬೇಡ, ಕಾಯಿ ಬಿಡಿಸು” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ, ಒಬ್ಬ ಬೆಲ್ಲದ ವ್ಯಾಪಾರಿ ಇದ್ದರು. ಗಾಡಿ ಓಡಾಡುವ ರಸ್ತೆಗಳು ಇನ್ನೂ ಆಗಿರಲಿಲ್ಲ. ಎತ್ತಿನ ಬೆನ್ನ ಮೇಲೆ ಹೇರು ಹಾಕಿಕೊಂಡು ಊರೂರು ತಿರುಗಬೇಕಾಗಿತ್ತು. ಒಬ್ಬನೇ ಹೋದರೆ ಕಳ್ಳರ ಭಯ, ಮಾತಿಗೂ ಜನವಿಲ್ಲ. ಆದ್ದರಿಂದ ಇಬ್ಬರೂ ಜೊತೆಯಾಗಿಯೇ ಹೋಗುತ್ತಿದ್ದರು. ಒಂದೇ ಕಲ್ಲೊಲೆಯಲ್ಲಿ ಅಡುಗೆ, ಒಂದೇ ಕಂಬಳಿಯಲ್ಲಿ ನಿದ್ದೆ.

ಹರೆಯದಲ್ಲಿ ಒಮ್ಮೆ ದೊಡ್ಡ ಹೊಳೆ ದಾಟುವಾಗ ಇಬ್ಬರೂ ನೀರಿನಲ್ಲಿ ಸಿಕ್ಕಿಬಿದ್ದರು. ಎತ್ತುಗಳು ಈಜಿ ದಡ ಸೇರಿದವು. ಇವರೂ ಹೇಗೋ ದಡ ಸೇರಿದರು. ಹೇರು ಮಾತ್ರ ಸೇರಲಿಲ್ಲ. ಉಪ್ಪೂ ನೀರಿಗೆ ಕರಗುತ್ತದೆ, ಬೆಲ್ಲವೂ ಕರಗುತ್ತದೆ. ಖಾಲಿ ಗೋಣಿಗಳನ್ನು ಹಿಂಡಿಕೊಂಡು ಊರಿಗೆ ಬಂದರು.

ಬರಿಗೈಯಲ್ಲಿ ಬಂದ ಮೇಲೆ ಮನೆಯಲ್ಲಿ ಏನಾದರೂ ಹೇಳಬೇಕಲ್ಲ. “ಹೇರು ಹೋದರೆ ಹೋಗಲಿ ಎಂದು ಗೆಳೆಯನ ಪ್ರಾಣ ಉಳಿಸಿದೆ” ಎಂದು ಉಪ್ಪಿನವನು ತನ್ನ ಮನೆಯಲ್ಲಿ ಹೇಳಿದ. ಬೆಲ್ಲದವನು ತನ್ನ ಮನೆಯಲ್ಲಿ ಅದನ್ನೇ ಹೇಳಿದ. ಎರಡು ಮನೆಯಲ್ಲೂ ಹೆಂಡತಿಯರು ಬೈಯುವುದಕ್ಕೆಂದು ತೆರೆದ ಬಾಯಿ ಮುಚ್ಚಿ, ಸ್ನಾನಕ್ಕೆ ನೀರು ಕಾಯಿಸಿದರು. ಆವತ್ತು ಇಬ್ಬರಿಗೂ ಊಟಕ್ಕೆ ತುಪ್ಪ ಬಿತ್ತು.

ಇಬ್ಬರೂ ಸುಳ್ಳು ಹೇಳಿದರು ಅಂತ ನಾನು ಹೇಳಲಾರೆ. ನೀರು ಕುಡಿಯುತ್ತಿರುವವನಿಗೆ ತಾನು ಯಾರನ್ನೋ ಹಿಡಿದುಕೊಂಡದ್ದು ಗೊತ್ತಾಗುತ್ತದೆ, ತನ್ನನ್ನು ಯಾರು ಹಿಡಿದುಕೊಂಡರು ಅನ್ನುವುದು ಗೊತ್ತಾಗುವುದಿಲ್ಲ. ಹೇಗೇ ಇರಲಿ, ಮೊದಮೊದಲು ಅದು ಅವರ ಬಾಯಲ್ಲಿ ಕತೆಯಾಗಿತ್ತು. ಹೇಳಿ ಹೇಳಿ ನೆನಪಾಯಿತು. ಆಮೇಲೆ ಅದನ್ನು ಅಲ್ಲ ಅಂದವರ ಮೇಲೆ ಸಿಟ್ಟು ಬರುವಷ್ಟು ನಿಜವಾಯಿತು.

ಕಾಲ ಕಳೆಯಿತು. ರಸ್ತೆಗಳಾದವು. ಸರಕು ಗಾಡಿಯ ಮೇಲೆ ತಾನಾಗಿಯೇ ಅಂಗಡಿಗೆ ಬರತೊಡಗಿತು. ಇಬ್ಬರೂ ಅಂಗಡಿ ಇಟ್ಟುಕೊಂಡು ಕೂತರು, ಕೂತಲ್ಲೇ ದಪ್ಪಗಾದರು. ಕೊಳ್ಳಲು ಬಂದವರಿಗೆ ಹಳೆಯ ತಿರುಗಾಟದ ಕತೆ ಹೇಳುವುದೇ ಕೆಲಸವಾಯಿತು. ಮಂಟಪದಲ್ಲಿ ಕಳ್ಳರು ಸುತ್ತುಗಟ್ಟಿದ್ದು, ಘಟ್ಟದಲ್ಲಿ ಕರಡಿ ಎದುರಾದದ್ದು, ಕೊನೆಗೆ ಹೊಳೆ. ಉಪ್ಪು ಕೇಳಲು ಬಂದ ಹೆಂಗಸು ಒಲೆಯ ಮೇಲೆ ಸಾರು ಕುದಿಯುತ್ತಿದೆ ಅಂದರೂ ಬಿಡುತ್ತಿರಲಿಲ್ಲ. ಊರಿನವರಿಗೆ ಈ ಕತೆಗಳೆಲ್ಲ ಬಾಯಿಪಾಠವಾಗಿದ್ದವು. ಉಪ್ಪಿನಂಗಡಿಯಲ್ಲಿ ಇದ್ದಾಗ ಉಪ್ಪಿನವನು ಪ್ರಾಣ ಉಳಿಸಿದ, ಬೆಲ್ಲದಂಗಡಿಗೆ ಬಂದಾಗ ಬೆಲ್ಲದವನು ಪ್ರಾಣ ಉಳಿಸಿದ ಅಂದುಕೊಂಡು ತಲೆಯಾಡಿಸುತ್ತಿದ್ದರು. ತೂಕ ಚೆನ್ನಾಗಿ ಬಿದ್ದರೆ ಅವರಿಗೆ ಸಾಕಾಗಿತ್ತು.

ಉಪ್ಪಿನವನಿಗೆ ಒಬ್ಬ ಮಗ, ಬೆಲ್ಲದವನಿಗೆ ಒಬ್ಬಳು ಮಗಳು. ಮಗಳ ಹೆಸರು ದೇವೀರಿ. ಈ ಕತೆಯಲ್ಲಿ ತಲೆ ನೆಟ್ಟಗಿರುವವಳು ಅವಳೊಬ್ಬಳೇ, ಅದಕ್ಕೆ ಅವಳಿಗೊಂದು ಹೆಸರಿರಲಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಅಪ್ಪಂದಿರಿಗೂ ಸಂತೋಷವೇ. ಊರ ಗೌಡನನ್ನು ಕೂರಿಸಿಕೊಂಡು ವೀಳ್ಯ ಬದಲಾಯಿಸಿಕೊಳ್ಳುವ ದಿನ ಗೊತ್ತುಮಾಡಿದರು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಮದುವೆ ಗೊತ್ತುಮಾಡುವಾಗ ಮೊದಲ ವೀಳ್ಯ ದೇವರಿಗೆ. ಆ ಎರಡು ಮನೆಯವರಲ್ಲಿ ಯಾರ ಪ್ರಾಣವನ್ನಾದರೂ ಯಾರಾದರೂ ಉಳಿಸಿದ್ದರೆ, ಎರಡನೆಯ ವೀಳ್ಯ ಅವರಿಗೆ. ಉಳಿದುಕೊಂಡವನು ಬಗ್ಗಿ, ಎರಡೂ ಕೈಯಲ್ಲಿ ತಟ್ಟೆ ಹಿಡಿದು ಕೊಡಬೇಕು. ಅದಕ್ಕೆ ಪ್ರಾಣದ ವೀಳ್ಯ ಅನ್ನುತ್ತಿದ್ದರು. ಅದು ಮುಗಿಯದೆ ಬೀಗರು ವೀಳ್ಯ ಬದಲಾಯಿಸಿಕೊಳ್ಳುವಂತಿಲ್ಲ, ಮದುವೆ ಗೊತ್ತಾಗುವಂತಿಲ್ಲ.

ಗೌಡ ದೇವರ ವೀಳ್ಯ ಎತ್ತಿಟ್ಟ. “ಪ್ರಾಣದ ವೀಳ್ಯ ಪಡೆಯುವವರು ಮುಂದೆ ಬನ್ನಿ” ಅಂದ. ಉಪ್ಪಿನವನು ರುಮಾಲು ಸರಿಮಾಡಿಕೊಂಡು ಕೈಚಾಚಿದ. ಅದೇ ಹೊತ್ತಿಗೆ ಬೆಲ್ಲದವನೂ ಕೈಚಾಚಿದ. ಇಬ್ಬರ ಕೈಗಳೂ ಗಾಳಿಯಲ್ಲಿ ನಿಂತವು. ತಟ್ಟೆ ನೆಲದ ಮೇಲೆಯೇ ಇತ್ತು.

“ಇಬ್ಬರೂ ಈಸ್ಕೊಳ್ಳೋರಾದ್ರೆ ಕೊಡೋರು ಯಾರ್ರಪ್ಪ?” ಎಂದು ಗೌಡ ಕೇಳಿದ.

ಆಮೇಲೆ ನಡೆದದ್ದನ್ನು ವಿವರಿಸುವುದು ಬೇಡ. ಹೊಳೆಯಲ್ಲಿ ಹೋದ ಉಪ್ಪು ಬೆಲ್ಲಗಳೆಲ್ಲ ಮತ್ತೆ ಮಾತಿಗೆ ಬಂದವು. ಲಗ್ನ ಮೀರಿತು. ಬಂದ ನೆಂಟರು ಒಬ್ಬಟ್ಟನ್ನಂತೂ ಬಿಡಲಿಲ್ಲ, ತಿಂದೇ ಎದ್ದರು. ಇನ್ನೊಂದು ದಿನ ಗೊತ್ತುಮಾಡಿದರು, ಅವತ್ತೂ ಹಾಗೇ ಆಯಿತು. ತಟ್ಟೆಯಲ್ಲಿದ್ದ ಎಲೆ ಒಣಗಿ ಸುರುಟಿಕೊಂಡಿತು. ಇಷ್ಟರಲ್ಲಿ ಹುಡುಗನ ತಾಯಿ ಪಕ್ಕದೂರಿನಲ್ಲಿ ಬೇರೆ ಹೆಣ್ಣು ಇದೆಯಂತೆ ಎಂದು ವಿಚಾರಿಸಲು ಶುರುಮಾಡಿದಳು. ಅದು ದೇವೀರಿಯ ಕಿವಿಗೆ ಬಿತ್ತು.

ಅವಳು ನೇರವಾಗಿ ಗೌಡನ ಮನೆಗೆ ಹೋದಳು. “ಗೌಡ್ರೇ, ಇವರಿಬ್ಬರೂ ಬದಲಾಗವ್ರೆ, ಹೊಳೆ ಅಲ್ಲೇ ಇರ್ತದಲ್ಲ. ಇಬ್ಬರ್ನೂ ಅಲ್ಲಿಗೇ ಕರ್ಕೊಂಡು ಹೋಗನ. ದಡದ ಮ್ಯಾಲೆ ನಿಲ್ಲಿಸಿ ಕೇಳನ. ಜಾಗ ನೋಡಿದ್ರೆ ಒಬ್ಬರಿಗಾದ್ರೂ ದಿಟ ಗ್ಯಾಪ್ಕ ಬರಬೋದು” ಅಂದಳು.

ಗೌಡನಿಗೂ ಊರಲ್ಲಿ ಕೂತು ಬೇಜಾರಾಗಿತ್ತು. ಗಾಡಿ ಕಟ್ಟಿಸಿದ. ಹುಡುಗನನ್ನು ಎರಡೂ ಅಂಗಡಿ ನೋಡಿಕೊಳ್ಳಲು ಬಿಟ್ಟು, ಇಬ್ಬರು ವ್ಯಾಪಾರಿಗಳು, ಗೌಡ, ದೇವೀರಿ ಹೊರಟರು. ಎಲ್ಲಿ ಇತ್ಯರ್ಥವಾಗುತ್ತದೋ ಅಲ್ಲೇ ಕೊಡಿಸಿಬಿಡಬೇಕೆಂದು ಅವಳು ಹಸಿ ಎಲೆ ಇಟ್ಟ ತಟ್ಟೆಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ದಾರಿಯುದ್ದಕ್ಕೂ ಎಲೆಗೆ ನೀರು ಚಿಮುಕಿಸುತ್ತಿದ್ದಳು.

ಊರ ಗಡಿ ದಾಟುವವರೆಗೆ ಇಬ್ಬರು ವ್ಯಾಪಾರಿಗಳೂ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. ಹಾಳುಮಂಟಪವೊಂದು ಕಂಡಿತು. ಉಪ್ಪಿನವನು ತಡೆದುಕೊಳ್ಳಲಾರದೆ, “ಕಳ್ಳರು ಬಂದಿದ್ದು ಇಲ್ಲೇ ಅಲ್ವೇನ್ಲಾ?” ಅಂದ. ಬೆಲ್ಲದವನು ಕತ್ತು ಚಾಚಿ ಮಂಟಪ ನೋಡಿದ. ಆಮೇಲೆ, “ಇಲ್ಲೇ ಕಣ್ಲಾ. ನೀನು ಕಂಬದ ಹಿಂದೆ ಇದ್ದೆ” ಅಂದ. ಅಷ್ಟೇ, ಇಬ್ಬರೂ ಗಾಡಿಯಲ್ಲಿ ಎದುರುಬದುರು ತಿರುಗಿ ಕೂತರು.

ಮುಂದೆ ನಡೆದದ್ದನ್ನು ನೋಡಿ ಗೌಡನಿಗೆ ಆಶ್ಚರ್ಯವಾಯಿತು. ಛತ್ರದಲ್ಲಿ, ಬಾವಿಕಟ್ಟೆಯಲ್ಲಿ, ಎತ್ತು ಬಿಚ್ಚಿದ ಕಡೆಯಲ್ಲೆಲ್ಲ ಇಬ್ಬರೂ ಸಿಕ್ಕವರಿಗೆ ಕತೆ ಹೇಳಿದರು, ಒಬ್ಬನ ಮಾತನ್ನು ಇನ್ನೊಬ್ಬ ಎಲ್ಲೂ ಬಿಟ್ಟುಕೊಡಲಿಲ್ಲ. ಕರಡಿ ನನ್ನಷ್ಟೆತ್ತರ ಇತ್ತು ಎಂದು ಉಪ್ಪಿನವನು ಹೇಳಿದರೆ, ನಿನಗಿಂತ ಒಂದು ಗೇಣು ಹೆಚ್ಚೇ ಇತ್ತು ಎಂದು ಬೆಲ್ಲದವನು ಸಾಕ್ಷಿ ಹೇಳುತ್ತಿದ್ದ. ಛತ್ರದಿಂದ ಛತ್ರಕ್ಕೆ ಕಳ್ಳರ ಸಂಖ್ಯೆ ಹೆಚ್ಚಾಗುತ್ತಾ ಹೋಯಿತು. ಅದು ಕರಡಿಯೋ, ಕಂಬಳಿ ಹೊದ್ದು ಬರುತ್ತಿದ್ದ ಕುರಿ ಕಾಯುವವನೋ, ದೇವರಿಗೇ ಗೊತ್ತು. ಊರಲ್ಲಿ ಅಜೀರ್ಣ ಎಂದು ಗಂಜಿ ಕುಡಿಯುತ್ತಿದ್ದ ಬೆಲ್ಲದವನು ದಾರಿಯಲ್ಲಿ ಮುದ್ದೆ ಮೇಲೆ ಮುದ್ದೆ ನುಂಗಿದ. ಊರಲ್ಲಿ ಮಂಡಿನೋವು ಎಂದು ನರಳುತ್ತಿದ್ದ ಉಪ್ಪಿನವನು ಗಾಡಿ ಹತ್ತಿಳಿಯುವುದಕ್ಕೆ ಯಾರ ಕೈಯನ್ನೂ ಕೇಳಲಿಲ್ಲ. ಅಪ್ಪ ಹೀಗೆ ನಕ್ಕದ್ದನ್ನು ದೇವೀರಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವಳಿಗೆ ಸಂತೋಷವಾಯಿತು. ಇವರಿಬ್ಬರನ್ನೂ ಹೀಗೇ ಗಾಡಿಯಲ್ಲಿ ತಿರುಗಿಸುತ್ತಿದ್ದರೆ ಮನೆಯಲ್ಲಿ ಜಗಳವೇ ಇರುತ್ತಿರಲಿಲ್ಲ ಅಂದುಕೊಂಡಳು.

ಹೊಳೆ ಕಂಡಿತು. ಕಂಡದ್ದೇ ತಡ, ಇಬ್ಬರೂ ಗಾಡಿಯಿಂದ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಇಳಿದರು.

ದಡದಲ್ಲಿ ಒಬ್ಬ ಅಂಬಿಗ ಹರಿಗೋಲನ್ನು ಬೋರಲು ಹಾಕಿಕೊಂಡು ರಿಪೇರಿ ಮುಗಿಸುತ್ತಿದ್ದ. “ದಾಟಬೇಕಾ? ಈಗ ನೀರಿಗಿಳಿಸ್ತೀನಿ, ಕೂತ್ಕಳಿ” ಅಂದ.

“ದಾಟಾಕಲ್ಲ ಬಂದಿರೋದು. ನಾವು ಮುಳುಗಿದ ಜಾಗ ತೋರ್ಸಾಕೆ” ಎಂದು ಉಪ್ಪಿನವನು ಹೇಳಿದ.

“ದಡದಲ್ಲೇ ನಿಂತ್ಕೊಂಡು ಬೆರಳು ಮಾಡಿ ತೋರ್ಸಿ. ಅಲ್ಲಿ ಮಡು ಐತೆ, ಇಳೀಬ್ಯಾಡಿ” ಎಂದ ಅಂಬಿಗ. ನೀರು ಸುಳಿದು ಆಳ ಬಿದ್ದ ಗುಂಡಿಗೆ ಅಲ್ಲಿಯವರು ಮಡು ಅನ್ನುತ್ತಿದ್ದರು.

ಇಬ್ಬರೂ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಒಬ್ಬನಿಗೆ ಈ ಬಂಡೆ, ಇನ್ನೊಬ್ಬನಿಗೆ ಆ ಬಂಡೆ. ನೀನು ಅಲ್ಲಿ ಒದ್ದಾಡುತ್ತಿದ್ದೆ ಎಂದು ಇವನು, ನೀನು ಇಲ್ಲಿ ಗೊಳೋ ಅನ್ನುತ್ತಿದ್ದೆ ಎಂದು ಅವನು. ಬಾಯಲ್ಲಿ ಹೇಳಿದರೆ ಗೌಡನಿಗೆ ಅರ್ಥವಾಗುವುದಿಲ್ಲ ಎಂದು ಉಪ್ಪಿನವನು ಪಂಚೆ ಎತ್ತಿ ಕಟ್ಟಿ ನೀರಿಗೆ ಇಳಿದೇಬಿಟ್ಟ. ಬೆಲ್ಲದವನು ದಡದಲ್ಲೇ ಅನುಮಾನಿಸುತ್ತ ನಿಂತ.

“ಬಾರ್ಲಾ, ಮೊಣಕಾಲುದ್ದ ನೀರು” ಎಂದು ಉಪ್ಪಿನವನು ಕೂಗಿದ.

ಬೆಲ್ಲದವನು ಇಳಿದ. ಒಂದಷ್ಟು ದೂರ ಹೋದ. ಹೋದವನು ಥಟ್ಟನೆ ನಿಂತುಬಿಟ್ಟ.

“ಏಯ್! ಅವತ್ತೂ ನೀನು ಹಿಂಗೇ ಅಂದಿದ್ದೆ ಕಣ್ಲಾ.”

“ಏನಂತ?”

“ಮೊಣಕಾಲುದ್ದ ನೀರು, ಬಾರ್ಲಾ ಅಂತ. ಹರಿಗೋಲು ಆಚೆ ದಡದಲ್ಲಿತ್ತು. ನೀನು ನೀರಲ್ಲಿ ನಿಂತ್ಕಂಡು ಕರೆದೆ.”

ಉಪ್ಪಿನವನ ಮುಖ ಸಣ್ಣಗಾಯಿತು. ಅದು ಸಣ್ಣಗಾದದ್ದು ಸ್ವಲ್ಪ ಹೊತ್ತು ಮಾತ್ರ. “ಹರಿಗೋಲು ಬರೋಗಂಟ ಯಾವೋನು ಕಾಯ್ತಾನೆ, ಸಂತೆ ತಪ್ಪೋಯ್ತದೆ ಅಂದಿದ್ದು ಯಾರು? ನೀನು!” ಅಂದ.

“ಸಂತೆ ತಪ್ಪೋಯ್ತದೆ ಅಂದಿದ್ದು ನಾನು. ಇಳಿ ಅಂದಿದ್ದು ನೀನು!”

“ನೀನು ಅವಸರ ಮಾಡ್ದೇ ಇದ್ರೆ ನಾನ್ಯಾಕೆ ಇಳೀತಿದ್ದೆ?”

ಇಷ್ಟು ಕಾಲ ಒಬ್ಬೊಬ್ಬನೂ ನಾನು ನಾನು ಎಂದು ಎದೆ ತಟ್ಟಿಕೊಂಡವರು, ಈಗ ನೀನು ನೀನು ಎಂದು ಬೆರಳು ತೋರಿಸತೊಡಗಿದರು. ಬೆಲ್ಲದವನ ಬೆರಳು ಮೂಗಿಗೆ ತಗಲುವಂತಾದಾಗ ಉಪ್ಪಿನವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಹಿಂದೆ ಮಡು ಇತ್ತು. ಮುಳುಗುವಾಗ ಕೈಗೆ ಸಿಕ್ಕಿದ್ದು ಬೆಲ್ಲದವನ ಪಂಚೆ. ಬೆಲ್ಲದವನೂ ಹಿಂದೆಯೇ ಹೋದ.

ದೇವೀರಿ “ಅಪ್ಪಯ್ಯಾ” ಎಂದು ಕಿರುಚಿ, ತಟ್ಟೆಯನ್ನು ಗೌಡನ ಕೈಗೆ ತುರುಕಿ, ಹರಿಗೋಲಿನ ಕಡೆಗೆ ಓಡಿದಳು. ಅಂಬಿಗನೂ ಅವಳೂ ಅದನ್ನು ನೀರಿಗೆ ನೂಕಿ ಹತ್ತಿದರು. ಅಂಬಿಗ ಬಗ್ಗಿ ಒಂದು ಕೈಯಲ್ಲಿ ಉಪ್ಪಿನವನ ಜುಟ್ಟು, ಇನ್ನೊಂದು ಕೈಯಲ್ಲಿ ಬೆಲ್ಲದವನ ಜುಟ್ಟು ಹಿಡಿದ. ಹುಟ್ಟು ಹಾಕಲು ಅವನಿಗೆ ಕೈಯೇ ಉಳಿಯಲಿಲ್ಲ. ದೇವೀರಿ ಹುಟ್ಟು ಹಾಕಿದಳು. ಎಂದೂ ಹಾಕಿದವಳಲ್ಲ. ಹರಿಗೋಲು ರಾಗಿಕಲ್ಲಿನಂತೆ ನಿಂತಲ್ಲೇ ಗಿರಗಿರ ಸುತ್ತಿತು, ಅದರ ಜೊತೆಗೆ ಇಬ್ಬರು ವ್ಯಾಪಾರಿಗಳೂ ಸುತ್ತಿದರು. ಗೌಡ ದಡದ ಮೇಲೆ ವೀಳ್ಯದ ತಟ್ಟೆಯನ್ನು ತಲೆಯ ಮೇಲೆತ್ತಿ ಹಿಡಿದುಕೊಂಡು, “ಎಡಕ್ಕೆ, ಎಡಕ್ಕೆ! ಅಲ್ಲಲ್ಲ, ಬಲಕ್ಕೆ!” ಎಂದು ಅರಚುತ್ತಿದ್ದ. ಅಂತೂ ಇಂತೂ ದಡ ಸಿಕ್ಕಿತು.

ಇಬ್ಬರನ್ನೂ ಮರಳ ಮೇಲೆ ಮಲಗಿಸಿ, ಹೊಟ್ಟೆ ಅದುಮಿ ನೀರು ಕಕ್ಕಿಸಿದರು. ಉಪ್ಪಿನವನಿಗೆ ಮೊದಲು ಉಸಿರು ಬಂತು.

“ನೋಡಿದ್ರಾ ಗೌಡ್ರೇ, ಅವನನ್ನ ಹೆಂಗೆ ಬಿಡದೆ ಹಿಡ್ಕಂಡಿದ್ದೆ?” ಅಂದ.

ಬೆಲ್ಲದವನಿಗೂ ಉಸಿರು ಬಂತು. “ನಾನು ಎತ್ತಿ ಹಿಡೀದೆ ಹೋಗಿದ್ರೆ ಗೊತ್ತಾಗ್ತಿತ್ತು ಇವನಿಗೆ” ಅಂದ.

ಅಂಬಿಗ ತಲೆ ಒರೆಸಿಕೊಳ್ಳುತ್ತ, “ಇಬ್ರೂ ಹಿಡ್ಕಂಡಿದ್ದಕ್ಕೇ ಇಬ್ರೂ ಮುಳುಗಿದ್ದು ಕಣ್ರೀ. ಬಿಟ್ಟಿದ್ರೆ ಒಬ್ಬರಾದ್ರೂ ತೇಲ್ತಿದ್ರಿ” ಅಂದ.

ಗೌಡ ನಕ್ಕ. ದೇವೀರಿ ನಗಲಿಲ್ಲ. ಅಪ್ಪ ಹೋಗೇಬಿಟ್ಟ ಅಂದುಕೊಂಡಿದ್ದಳು ಅವಳು. ಕಣ್ಣೊರೆಸಿಕೊಂಡು ಎದ್ದು, ಗೌಡನ ಕೈಯಿಂದ ತಟ್ಟೆ ಕಿತ್ತುಕೊಂಡು ಇಬ್ಬರ ನಡುವೆ ತಂದಿಟ್ಟಳು.

“ಅಪ್ಪಯ್ಯ, ಮಾವ, ನಿಮ್ಮ ಪ್ರಾಣ ಉಳಿಸಿದೋರಿಗೆ ವೀಳ್ಯ ಕೊಡಿ. ಕೊಡ್ತೀರೋ, ಇಲ್ಲ ಈ ತಟ್ಟೇನ ಹೊಳೆಗೆ ಬಿಸಾಕಿ ಮದುವೆನೇ ಬ್ಯಾಡ ಅಂತ ಮನೆಗೆ ಹೋಗ್ಲೋ?”

ಬೆಲ್ಲದವನು ಉಪ್ಪಿನವನ ಮುಖ ನೋಡಿದ. ಉಪ್ಪಿನವನು ಬೆಲ್ಲದವನ ಮುಖ ನೋಡಿದ. ಕೈಚಾಚುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಒದ್ದೆ ಪಂಚೆಯಲ್ಲಿ ನಡುಗುತ್ತ, ತಟ್ಟೆಯನ್ನು ಎರಡು ಕಡೆಯಿಂದ ಇಬ್ಬರೂ ಹಿಡಿದು ಎತ್ತಿ, ಅಂಬಿಗನ ಮುಂದೆ ಬಗ್ಗಿದರು. ಅಂಬಿಗನಿಗೆ ಈ ಪದ್ಧತಿಯೆಲ್ಲ ತಿಳಿಯದು. ಎಲೆ ಚೆನ್ನಾಗಿದೆ ಅಂದುಕೊಂಡು ತೊಡೆಗೆ ಒರೆಸಿ, ಸುಣ್ಣ ಹಚ್ಚಿ, ಅಡಕೆ ಜೊತೆ ಬಾಯಿಗೆ ಹಾಕಿಕೊಂಡ. ಹರಿಗೋಲಿಗೆ ಏನಾದರೂ ಪೆಟ್ಟಾಗಿದೆಯೋ ನೋಡಲು ಹೋದ.

“ಮುಗೀತಲ್ಲ. ಇನ್ನು ಬೀಗರು ಬದಲಾಯಿಸ್ಕಳಿ, ಮತ್ತೆ ಯಾವನಾದ್ರೂ ನೀರಿಗೆ ಇಳಿಯೋದ್ರೊಳಗೆ” ಎಂದು ಗೌಡ ಅವಸರ ಮಾಡಿದ. ಮರಳ ಮೇಲೆಯೇ ಬೀಗರು ವೀಳ್ಯ ಬದಲಾಯಿಸಿಕೊಂಡರು. ಮದುವೆ ಗೊತ್ತಾಯಿತು.

ಮದುವೆಗೆ ಅಂಬಿಗನನ್ನು ಕರೆಸಿ, ಮುಂದಿನ ಪಂಕ್ತಿಯಲ್ಲಿ ಕೂರಿಸಿ ಬಡಿಸಿದರು. ಚಪ್ಪರದ ಒಂದು ಮೂಲೆಯಲ್ಲಿ ಉಪ್ಪಿನವನು, ಇನ್ನೊಂದು ಮೂಲೆಯಲ್ಲಿ ಬೆಲ್ಲದವನು ನೆಂಟರಿಗೆ ಹೊಳೆಯ ಕತೆ ಹೇಳುತ್ತಿದ್ದರು. ಈಗ ಅವರ ಹತ್ತಿರ ಒಂದರ ಬದಲು ಮುಳುಗಿದ ಎರಡು ಕತೆಗಳಿದ್ದವು. ಪ್ರಾಣ ಉಳಿಸಿದವನು ಅಂಬಿಗ ಎಂದು ಇಬ್ಬರೂ ಧಾರಾಳವಾಗಿ ಒಪ್ಪಿಕೊಳ್ಳುತ್ತಿದ್ದರು, ತಾನು ಅಲ್ಲಿಯವರೆಗೆ ಇನ್ನೊಬ್ಬನನ್ನು ಎತ್ತಿ ಹಿಡಿದಿದ್ದೆ ಎಂದು ಸೇರಿಸುತ್ತಿದ್ದರು. ದೇವೀರಿ ಧಾರೆಗೆ ಕೂತಲ್ಲಿಂದಲೇ ಒಂದು ವಿಷಯ ಗಮನಿಸಿದಳು. ಇಬ್ಬರೂ ಕತೆಯನ್ನು ನಡುನೀರಿನಿಂದಲೇ ಶುರುಮಾಡುತ್ತಿದ್ದರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ನಗು ತಡೆಯಲಾಗಲಿಲ್ಲ. ಮಡಿಲಲ್ಲಿದ್ದ ಅವರೆಕಾಳು ಜಗಲಿಯ ತುಂಬ ಚೆಲ್ಲಿತು. ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ಗುರುಪಾದನೂ ಕಿಸಕ್ಕನೆ ನಕ್ಕ.

ಚೆನ್ನವೀರ ಕಾಳು ಬಳಿಯುತ್ತ, “ಕತೆ ಚೆನ್ನಾಗಿದೆ ಬುದ್ಧಿ. ಆದರೆ ನಮ್ಮ ಕಾಡಿನಲ್ಲಿ ಅಂಬಿಗ ಇರಲಿಲ್ಲವಲ್ಲ. ಇದ್ದವರು ನಾನು, ಗುರುಪಾದ. ಹಾಗಾದರೆ ನಾಳೆ ಬೆತ್ತ ಯಾರಿಗೆ?” ಎಂದು ಕೇಳಿದ.

“ಬಂಡಿದಾರಿಯಲ್ಲಿ ನೆಟ್ಟಗೆ ಹೋಗುತ್ತಿದ್ದ ನಮ್ಮನ್ನೆಲ್ಲ ತಡೆದು, ‘ಇದು ಹತ್ತಿರದ ದಾರಿ, ಬನ್ನಿ’ ಎಂದು ಆ ಕಾಡಿಗೆ ಕರೆದವನು ಯಾರು, ಅದನ್ನು ಹೇಳು, ಬೆತ್ತ ಇನ್ನೊಬ್ಬನಿಗೆ” ಎಂದರು ಸ್ವಾಮಿಗಳು.

ಚೆನ್ನವೀರ ಮೊರ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಕಾಯಿ ಬಿಡಿಸತೊಡಗಿದ, ಗುರುಪಾದನೂ ಬಾಗಿಲ ಹಿಂದಿನಿಂದ ಬಂದು ಚೆಲ್ಲಿದ ಕಾಳು ಆರಿಸಲು ಕೂತ.